ಕಾಕ್‌ಪಿಟ್‌ನಿಂದ ಆಪರೇಷನ್ ಥಿಯೇಟರಿಗೆ: ತಂಡವಾಗಿ ಕೆಲಸ ಮಾಡುವುದನ್ನು ಕಲಿಸುವ ತರಬೇತಿ

2005ರ ಮಾರ್ಚ್ 29. ಇಂಗ್ಲೆಂಡಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ 37 ವರ್ಷದ ಎಲೇನ್ ಬ್ರೋಮಿಲಿ ಸೈನಸ್ ಶಸ್ತ್ರಚಿಕಿತ್ಸೆಗೆ ದಾಖಲಾಗಿದ್ದರು. ಎರಡು ಪುಟ್ಟ ಮಕ್ಕಳ ತಾಯಿ, ಬೇರೆ ಯಾವ ದೊಡ್ಡ ಕಾಯಿಲೆಯೂ ಇರಲಿಲ್ಲ. ತುರ್ತಿನ ಆಪರೇಷನ್ ಕೂಡ ಅಲ್ಲ, ದಿನ ಗೊತ್ತುಮಾಡಿಕೊಂಡು ಬಂದದ್ದು.

ಅರಿವಳಿಕೆ ಕೊಟ್ಟ ಕೂಡಲೇ ತೊಂದರೆ ಶುರುವಾಯಿತು. ಉಸಿರಾಟಕ್ಕೆ ಗಂಟಲಿನಲ್ಲಿ ಕೂರಿಸಬೇಕಾದ ಮಾಸ್ಕ್ ಕೂರಲಿಲ್ಲ. ಕೆಲವೇ ನಿಮಿಷಗಳಲ್ಲಿ ರಕ್ತದಲ್ಲಿನ ಆಮ್ಲಜನಕದ ಮಟ್ಟ ಶೇ 40ಕ್ಕೆ ಇಳಿಯಿತು. ಶ್ವಾಸನಾಳಕ್ಕೆ ಟ್ಯೂಬ್ ಇಳಿಸಲು ಪ್ರಯತ್ನಿಸಿದರು, ಅದೂ ಆಗಲಿಲ್ಲ. ಇನ್ನೊಬ್ಬ ಅರಿವಳಿಕೆ ತಜ್ಞರು ಓಡಿ ಬಂದರು, ಶಸ್ತ್ರಚಿಕಿತ್ಸಕರೂ ಕೈಜೋಡಿಸಿದರು. ಮೂವರೂ ಅನುಭವಿ ವೈದ್ಯರು. ಇಂಥ ಸ್ಥಿತಿಗೆ ವೈದ್ಯಶಾಸ್ತ್ರದಲ್ಲಿ ಸ್ಪಷ್ಟ ನಿಯಮವಿದೆ. ಮೇಲಿನಿಂದ ಗಾಳಿ ಕೊಡಲು ಆಗದಿದ್ದರೆ ಕತ್ತಿನ ಮುಂಭಾಗದಲ್ಲಿ ರಂಧ್ರ ಮಾಡಿ ನೇರವಾಗಿ ಶ್ವಾಸನಾಳಕ್ಕೆ ಆಮ್ಲಜನಕ ಕೊಡಬೇಕು. ಅದನ್ನು ಅವರು ಮಾಡಲಿಲ್ಲ. ಮತ್ತೆ ಮತ್ತೆ ಟ್ಯೂಬ್ ಇಳಿಸುವ ಪ್ರಯತ್ನದಲ್ಲೇ ಸುಮಾರು 20 ನಿಮಿಷ ಕಳೆಯಿತು.

ಅದೇ ಕೋಣೆಯಲ್ಲಿದ್ದ ನರ್ಸ್‌ಗಳಿಗೆ ಪರಿಸ್ಥಿತಿ ಅರ್ಥವಾಗಿತ್ತು. ಒಬ್ಬರು ಕತ್ತಿನಲ್ಲಿ ರಂಧ್ರ ಮಾಡುವ ಸಲಕರಣೆಯ ಸೆಟ್ ತಂದು, ‘ಸೆಟ್ ಸಿದ್ಧವಿದೆ’ ಎಂದು ಹೇಳಿದರು. ಯಾರೂ ಉತ್ತರಿಸಲಿಲ್ಲ. ಇನ್ನೊಬ್ಬರು ಐಸಿಯುಗೆ ಫೋನ್ ಮಾಡಿ ಹಾಸಿಗೆ ಕಾದಿರಿಸಿದರು. ಆದರೆ ವೈದ್ಯರ ಮುಖ ನೋಡಿ, ತಾನು ಅತಿ ಮಾಡುತ್ತಿದ್ದೇನೇನೋ ಅನ್ನಿಸಿ ಆ ಹಾಸಿಗೆಯನ್ನು ಬೇಡವೆಂದುಬಿಟ್ಟರು. 13 ದಿನಗಳ ನಂತರ ಎಲೇನ್ ತೀರಿಕೊಂಡರು.

ಅವರ ಪತಿ ಮಾರ್ಟಿನ್ ಬ್ರೋಮಿಲಿ ಒಬ್ಬ ಪೈಲಟ್. ಘಟನೆಯ ತನಿಖೆ ಯಾವಾಗ ಶುರುವಾಗುತ್ತದೆ ಎಂದು ಅವರು ಆಸ್ಪತ್ರೆಯವರನ್ನು ಕೇಳಿದರು. ದೂರು ಕೊಟ್ಟರೆ ಅಥವಾ ದಾವೆ ಹೂಡಿದರೆ ಮಾತ್ರ ತನಿಖೆ ಎಂಬ ಉತ್ತರ ಬಂತು. ವಿಮಾನಯಾನದಲ್ಲಿ ಹಾಗಿಲ್ಲ, ಅಪಘಾತವಾದರೆ ಯಾರೂ ದೂರು ಕೊಡದಿದ್ದರೂ ತನಿಖೆ ನಡೆಯುತ್ತದೆ. ಅವರು ಪಟ್ಟು ಹಿಡಿದು ಸ್ವತಂತ್ರ ಪರಿಶೀಲನೆ ಮಾಡಿಸಿದರು. ಯಾರನ್ನೂ ಜೈಲಿಗೆ ಕಳಿಸುವ ಉದ್ದೇಶ ಅವರಿಗಿರಲಿಲ್ಲ. ಕಲಿತ ಕೈಗಳು, ಒಳ್ಳೆಯ ಸಲಕರಣೆ, ಗೊತ್ತಿರುವ ನಿಯಮ ಎಲ್ಲ ಇದ್ದೂ ಹೀಗೇಕಾಯಿತು ಎಂಬುದಷ್ಟೇ ಅವರ ಪ್ರಶ್ನೆ. 2007ರಲ್ಲಿ ಅವರು ಕ್ಲಿನಿಕಲ್ ಹ್ಯೂಮನ್ ಫ್ಯಾಕ್ಟರ್ಸ್ ಗ್ರೂಪ್ ಎಂಬ ಸಂಸ್ಥೆ ಕಟ್ಟಿದರು. ತಮ್ಮ ವೃತ್ತಿ ಮೂರು ದಶಕಗಳ ಹಿಂದೆ ದುಬಾರಿ ಬೆಲೆ ತೆತ್ತು ಕಲಿತ ಪಾಠವನ್ನು ವೈದ್ಯರ ಮುಂದಿಡುವುದು ಅದರ ಕೆಲಸ.

ಆ ಪಾಠಕ್ಕೆ ಕ್ರೂ ರಿಸೋರ್ಸ್ ಮ್ಯಾನೇಜ್‌ಮೆಂಟ್, ಸಂಕ್ಷೇಪವಾಗಿ ಸಿಆರ್‌ಎಂ ಎಂದು ಹೆಸರು. ಒಂದು ತಪ್ಪಿನಿಂದ ಜೀವಗಳು ಹೋಗುವಂಥ ಕೆಲಸಗಳಲ್ಲಿ, ತಂಡದಲ್ಲಿರುವ ಎಲ್ಲರ ಕಣ್ಣು, ಕಿವಿ, ತಿಳಿವಳಿಕೆಯನ್ನು ಸಮಯಕ್ಕೆ ಸರಿಯಾಗಿ ಬಳಸಿಕೊಳ್ಳುವುದು ಹೇಗೆ ಎಂದು ಕಲಿಸುವ ತರಬೇತಿ ಇದು. ನೀವು ಅಥವಾ ನಿಮ್ಮ ಮನೆಯವರು ನಾಳೆ ಆಸ್ಪತ್ರೆಗೆ ದಾಖಲಾದರೆ ನಿಮ್ಮ ಸುರಕ್ಷತೆ ಸರ್ಜನ್ ಕೈಚಳಕದ ಮೇಲೆ ಎಷ್ಟು ನಿಂತಿದೆಯೋ, ಈ ತರಬೇತಿಯ ಮೇಲೂ ಹೆಚ್ಚುಕಡಿಮೆ ಅಷ್ಟೇ ನಿಂತಿದೆ.

ಇದು ಶುರುವಾದದ್ದು ಹೇಗೆ?

1977ರ ಮಾರ್ಚ್ 27ರಂದು ಸ್ಪೇನಿನ ಟೆನೆರಿಫ್ ದ್ವೀಪದ ವಿಮಾನ ನಿಲ್ದಾಣದಲ್ಲಿ ಎರಡು ಜಂಬೋ ಜೆಟ್‌ಗಳು ರನ್‌ವೇ ಮೇಲೆಯೇ ಡಿಕ್ಕಿ ಹೊಡೆದು 583 ಮಂದಿ ಸತ್ತರು. ವಿಮಾನಯಾನದ ಇತಿಹಾಸದಲ್ಲಿ ಇಷ್ಟು ಜನ ಸತ್ತ ಅಪಘಾತ ಇನ್ನೊಂದಿಲ್ಲ. ಅಂದು ದಟ್ಟ ಮಂಜು. ಕೆಎಲ್‌ಎಂ ವಿಮಾನದ ಕ್ಯಾಪ್ಟನ್ ಆ ಕಂಪನಿಯ ಅತಿ ಹಿರಿಯ ತರಬೇತುದಾರ. ಕಂಪನಿಯ ಜಾಹೀರಾತಿನಲ್ಲಿ ಅವರ ಫೋಟೊವೇ ಇರುತ್ತಿತ್ತು. ಹೊರಡಲು ಅನುಮತಿ ಸಿಕ್ಕಿದೆ ಎಂದು ಅವರು ತಪ್ಪು ತಿಳಿದು ವಿಮಾನವನ್ನು ಓಡಿಸಲು ಶುರುಮಾಡಿದರು. ಎದುರಿನ ಪ್ಯಾನ್ ಆ್ಯಮ್ ವಿಮಾನ ಇನ್ನೂ ರನ್‌ವೇ ಬಿಟ್ಟಿಲ್ಲವೇನೋ ಎಂಬ ಅನುಮಾನ ಹಿಂದೆ ಕೂತಿದ್ದ ಫ್ಲೈಟ್ ಎಂಜಿನಿಯರ್‌ಗೆ ಬಂತು. ಅವರು ಕೇಳಿಯೂ ಕೇಳಿದರು. ಕ್ಯಾಪ್ಟನ್ ಖಚಿತ ಧ್ವನಿಯಲ್ಲಿ ‘ಬಿಟ್ಟಿದೆ’ ಎಂಬರ್ಥದ ಉತ್ತರ ಕೊಟ್ಟರು. ಎಂಜಿನಿಯರ್ ಮತ್ತೆ ಮಾತಾಡಲಿಲ್ಲ.

ಮುಂದಿನ ವರ್ಷ ಡಿಸೆಂಬರ್ 28ರಂದು ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ ಆದದ್ದು ಇನ್ನೂ ವಿಚಿತ್ರ. ಯುನೈಟೆಡ್ ಏರ್‌ಲೈನ್ಸ್‌ನ ವಿಮಾನವೊಂದು ಇಳಿಯುವಾಗ ಚಕ್ರಗಳು ಸರಿಯಾಗಿ ಹೊರಬಂದಿವೆಯೇ ಇಲ್ಲವೇ ಎಂಬ ಅನುಮಾನ ಬಂತು. ಕ್ಯಾಪ್ಟನ್ ಅದನ್ನು ಬಗೆಹರಿಸಿಕೊಳ್ಳಲು ಸುಮಾರು ಒಂದು ಗಂಟೆ ಆಕಾಶದಲ್ಲೇ ಸುತ್ತು ಹೊಡೆದರು. ಇಂಧನ ಕರಗುತ್ತಿತ್ತು. ಸಹ ಪೈಲಟ್‌ಗೂ ಫ್ಲೈಟ್ ಎಂಜಿನಿಯರ್‌ಗೂ ಅದು ಗೊತ್ತಿತ್ತು. ಇಂಧನದ ಅಂಕಿಗಳನ್ನು ಅವರು ಹೇಳಿದರು ಕೂಡ. ಆದರೆ ‘ಇಂಧನ ಮುಗಿಯುತ್ತಿದೆ, ಈಗಲೇ ಇಳಿಸಬೇಕು’ ಎಂದು ಬಿಡಿಸಿ ಹೇಳಲಿಲ್ಲ. ಎಂಜಿನ್‌ಗಳು ಒಂದೊಂದಾಗಿ ನಿಂತು, ಹಾರಲು ಅಡ್ಡಿಯಿಲ್ಲದ ವಿಮಾನ ಊರಂಚಿನಲ್ಲಿ ಬಿತ್ತು. 189 ಜನರಲ್ಲಿ 10 ಮಂದಿ ಸತ್ತರು. ಅವರಲ್ಲಿ ಆ ಫ್ಲೈಟ್ ಎಂಜಿನಿಯರ್ ಕೂಡ ಒಬ್ಬರು.

ನಮ್ಮ ಮನೆಗಳಲ್ಲೂ ಆಫೀಸುಗಳಲ್ಲೂ ದೊಡ್ಡವರಿಗೆ ವಿಷಯ ಮುಟ್ಟಿಸುವುದು ಹೀಗೇ ಅಲ್ಲವೇ? ಸುಳಿವು ಕೊಡುತ್ತೇವೆ, ಅವರೇ ಅರ್ಥ ಮಾಡಿಕೊಳ್ಳಲಿ ಎಂದು ಕಾಯುತ್ತೇವೆ. ತಲೆತುಂಬ ಬೇರೊಂದು ಸಮಸ್ಯೆ ತುಂಬಿಕೊಂಡಿರುವವರಿಗೆ ಸುಳಿವು ತಲುಪುವುದಿಲ್ಲ.

ಇಂಥ ಅಪಘಾತಗಳ ಧ್ವನಿಮುದ್ರಣಗಳನ್ನು ಅಧ್ಯಯನ ಮಾಡಿದ ನಾಸಾ ಸಂಸ್ಥೆ 1979ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಒಂದು ಕಾರ್ಯಾಗಾರ ನಡೆಸಿತು. ವಿಮಾನ ಹಾರಿಸುವ ಕೌಶಲದ ಕೊರತೆಗಿಂತ ಮಾತುಕತೆ, ನಿರ್ಧಾರ, ನಾಯಕತ್ವಗಳ ಕೊರತೆಯೇ ಮತ್ತೆ ಮತ್ತೆ ಕಾಣುತ್ತಿದೆ ಎಂಬುದು ಅಲ್ಲಿ ಸ್ಪಷ್ಟವಾಯಿತು. 1981ರಲ್ಲಿ ಯುನೈಟೆಡ್ ಕಂಪನಿಯೇ ಇದಕ್ಕೆ ಮೊದಲ ಪೂರ್ಣ ಪ್ರಮಾಣದ ತರಬೇತಿ ಆರಂಭಿಸಿತು.

ಮೊದಲು ಇದರ ಹೆಸರಿನಲ್ಲಿ ‘ಕಾಕ್‌ಪಿಟ್’ ಎಂದಿತ್ತು. ಆಮೇಲೆ ಅದು ‘ಕ್ರೂ’ ಆಯಿತು. ಈ ಬದಲಾವಣೆ ಏಕೆ ಬೇಕಿತ್ತು ಎಂಬುದಕ್ಕೆ 1989ರ ಜನವರಿ 8ರಂದು ಇಂಗ್ಲೆಂಡಿನ ಕೆಗ್‌ವರ್ತ್ ಬಳಿ ನಡೆದ ಅಪಘಾತವನ್ನು ನೋಡಬಹುದು. ಎಡಗಡೆಯ ಎಂಜಿನ್ ಕೆಟ್ಟಿತ್ತು. ಪೈಲಟ್‌ಗಳು ತಪ್ಪಾಗಿ ಬಲಗಡೆಯದನ್ನು ನಿಲ್ಲಿಸಿದರು. ಬಲಗಡೆಯ ಎಂಜಿನ್‌ನಲ್ಲಿ ತೊಂದರೆ ಎಂದು ಕ್ಯಾಪ್ಟನ್ ಪ್ರಯಾಣಿಕರಿಗೂ ಹೇಳಿದರು. ಎಡಗಡೆ ಬೆಂಕಿಯ ಕಿಡಿಗಳನ್ನು ಕಣ್ಣಾರೆ ಕಂಡವರು ಹಿಂದೆ ಕೂತಿದ್ದರು. ಯಾರೂ ಹೋಗಿ ಹೇಳಲಿಲ್ಲ. ಪೈಲಟ್‌ಗೆ ಗೊತ್ತಿಲ್ಲದೆ ಇರುತ್ತದೆಯೇ ಎಂದುಕೊಂಡರು. 47 ಮಂದಿ ಸತ್ತರು.

ತರಬೇತಿಯಲ್ಲಿ ಏನು ಕಲಿಸುತ್ತಾರೆ?

‘ಎಲ್ಲರೂ ಹೊಂದಿಕೊಂಡು ಹೋಗಿ’ ಎಂಬ ಉಪದೇಶವಲ್ಲ ಇದು. ಕೈಕೆಲಸದಂತೆ ಪದೇ ಪದೇ ಮಾಡಿ ರೂಢಿಸಿಕೊಳ್ಳಬೇಕಾದ ಕೆಲವು ಅಭ್ಯಾಸಗಳಿವೆ.

ಅದರಲ್ಲಿ ಎಲ್ಲಕ್ಕಿಂತ ಕಷ್ಟದ್ದು, ಮೇಲಿನವರಿಗೆ ‘ತಡೆಯಿರಿ’ ಎನ್ನುವುದು. ಅಪಾಯ ಕಂಡ ಕಿರಿಯರು ಮಾತಿನ ಬಿಗಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸುವುದನ್ನು ಅಭ್ಯಾಸ ಮಾಡಿಸುತ್ತಾರೆ. ಉದಾಹರಣೆಗೆ, ಪೆನಿಸಿಲಿನ್ ಅಲರ್ಜಿ ಇರುವ ರೋಗಿಗೆ ವೈದ್ಯರು ಅಮಾಕ್ಸಿಸಿಲಿನ್ ಬರೆದಿದ್ದಾರೆ ಎಂದುಕೊಳ್ಳಿ. ಅದೂ ಪೆನಿಸಿಲಿನ್ ಗುಂಪಿನದೇ ಔಷಧ. ನರ್ಸ್ ಮೊದಲು ಹೇಳುವುದು: ‘ಸರ್, ಇವರಿಗೆ ಪೆನಿಸಿಲಿನ್ ಅಲರ್ಜಿ ಅಂತ ಫೈಲ್‌ನಲ್ಲಿದೆ, ನನಗೆ ಆತಂಕ ಆಗ್ತಿದೆ.’ ಕಿವಿಗೆ ಬೀಳದಿದ್ದರೆ ಎರಡನೆಯದು: ‘ಸರ್, ಇದನ್ನು ಕೊಡೋದಕ್ಕೆ ನನಗೆ ಸರಿ ಅನ್ನಿಸ್ತಿಲ್ಲ.’ ಅದಕ್ಕೂ ಉತ್ತರ ಬರದಿದ್ದರೆ: ‘ಸರ್, ಇದು ರೋಗಿಯ ಸುರಕ್ಷತೆಯ ಪ್ರಶ್ನೆ. ನಿಲ್ಲಿಸಿ.’ ಈ ಮೂರನೆಯ ಮಾತು ಬಂದರೆ ಎಷ್ಟೇ ದೊಡ್ಡ ವೈದ್ಯರಾದರೂ ಕೈ ನಿಲ್ಲಿಸಿ ಕೇಳಲೇಬೇಕು ಎಂಬುದು ತಂಡದಲ್ಲಿ ಮೊದಲೇ ಆಗಿರುವ ಒಪ್ಪಂದ. ಗಮನಿಸಿ, ಇಲ್ಲಿ ಗೌರವಕ್ಕೆ ಕುಂದಿಲ್ಲ. ‘ಸರ್’ ಕೊನೆಯವರೆಗೂ ಇದೆ. ಮಾತು ಮಾತ್ರ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತಿಲ್ಲ.

ಇನ್ನೊಂದು, ಹೇಳಿದ್ದನ್ನು ತಿರುಗಿ ಹೇಳುವುದು. ಪೈಲಟ್‌ಗಳು ನಿಯಂತ್ರಣ ಕೊಠಡಿಯ ಸೂಚನೆಯನ್ನು ಅಕ್ಷರಶಃ ಮರಳಿ ಹೇಳುತ್ತಾರೆ. ರೈಲಿನ ಎಂಜಿನ್‌ನಲ್ಲಿ ಲೋಕೋ ಪೈಲಟ್ ಮತ್ತು ಸಹಾಯಕ ಪೈಲಟ್ ಪ್ರತಿ ಸಿಗ್ನಲ್‌ನ ಬಣ್ಣವನ್ನು ಗಟ್ಟಿಯಾಗಿ ಕೂಗಿ ಒಬ್ಬರಿಗೊಬ್ಬರು ಖಚಿತಪಡಿಸಿಕೊಳ್ಳುವುದೂ ಇದೇ ಜಾತಿಯ ಅಭ್ಯಾಸ. ಆಸ್ಪತ್ರೆಯಲ್ಲಿ ಯಾರಿಗೋ ಹೃದಯ ನಿಂತಾಗ ‘ಯಾರಾದರೂ ಅಡ್ರಿನಲಿನ್ ಕೊಡಿ’ ಎಂದು ಕೂಗಿದರೆ ಯಾರೂ ಕೊಡದಿರಬಹುದು, ಅಥವಾ ಇಬ್ಬರು ಕೊಟ್ಟುಬಿಡಬಹುದು. ಆದ್ದರಿಂದ ಹೆಸರು ಹಿಡಿದು ಹೇಳಬೇಕು. ಕೇಳಿಸಿಕೊಂಡವರು ‘ಅಡ್ರಿನಲಿನ್ 1 ಮಿಲಿಗ್ರಾಂ’ ಎಂದು ತಿರುಗಿ ಹೇಳಬೇಕು. ಕೊಟ್ಟ ಮೇಲೆ ‘ಕೊಟ್ಟಾಯಿತು’ ಎಂದು ತಿಳಿಸಬೇಕು.

ಮೂರನೆಯದು ಸಮಯದ ಪರಿವೆ. ಎಲೇನ್ ಪ್ರಕರಣದಲ್ಲಿ ವೈದ್ಯರು ಹೊತ್ತು ಹೋದದ್ದನ್ನೇ ಗಮನಿಸಲಿಲ್ಲ. ಒಂದೇ ಕೆಲಸದ ಮೇಲೆ ಮನಸ್ಸು ನೆಟ್ಟಾಗ ಹತ್ತು ನಿಮಿಷ ಎರಡು ನಿಮಿಷದಂತೆ ತೋರುವುದು ಮನುಷ್ಯನ ಮೆದುಳಿನ ಸ್ವಭಾವ. ದಡ್ಡತನವಲ್ಲ. ಅದಕ್ಕೇ ತುರ್ತಿನಲ್ಲಿ ತಂಡದ ನಾಯಕ ಸಾಧ್ಯವಾದಷ್ಟೂ ಕೈಹಾಕದೆ, ಹಾಸಿಗೆಯ ಕಾಲ್ದೆಸೆಯಲ್ಲಿ ನಿಂತು ಇಡೀ ಚಿತ್ರ ನೋಡಬೇಕು. ಒಬ್ಬರು ಗಡಿಯಾರ ನೋಡುತ್ತ ಸಮಯವನ್ನು ಕೂಗಿ ಹೇಳುತ್ತಿರಬೇಕು.

ಇವೆಲ್ಲವನ್ನೂ ಕೋಣೆಯಲ್ಲಿ ಕೂತು ಪವರ್‌ಪಾಯಿಂಟ್ ನೋಡಿ ಕಲಿಯಲಾಗದು. ಪೈಲಟ್‌ಗಳು ಸಿಮ್ಯುಲೇಟರ್‌ನಲ್ಲಿ, ವೈದ್ಯರು ಮತ್ತು ನರ್ಸ್‌ಗಳು ಉಸಿರಾಡುವ, ನಾಡಿ ಮಿಡಿಯುವ ಗೊಂಬೆ-ರೋಗಿಯ ಮುಂದೆ ತುರ್ತುಸ್ಥಿತಿಯನ್ನು ಆಡಿ ನೋಡುತ್ತಾರೆ. ಮುಗಿದ ಮೇಲೆ ವಿಡಿಯೊ ಹಾಕಿಕೊಂಡು ಯಾರು ಏನು ಹೇಳಿದರು, ಯಾರಿಗೆ ಕೇಳಿಸಲಿಲ್ಲ, ಗೊತ್ತಿದ್ದವರು ಏಕೆ ಸುಮ್ಮನಿದ್ದರು ಎಂದು ಬೈಗುಳವಿಲ್ಲದೆ ಚರ್ಚಿಸುತ್ತಾರೆ. ನಿಜವಾದ ಕಲಿಕೆ ಆಗುವುದು ಈ ಚರ್ಚೆಯಲ್ಲಿ.

ಇದರಿಂದ ಪ್ರಯೋಜನ ಆಗಿದೆಯೇ?

ವಿಮಾನಯಾನದಲ್ಲಿ ಎಲ್ಲರೂ ಹೆಸರಿಸುವ ಘಟನೆ 1989ರ ಜುಲೈ 19ರದು. ಯುನೈಟೆಡ್‌ನ ಡಿಸಿ-10 ವಿಮಾನದ ಹಿಂಬದಿಯ ಎಂಜಿನ್ ಸಿಡಿದು, ವಿಮಾನವನ್ನು ತಿರುಗಿಸುವ ಹೈಡ್ರಾಲಿಕ್ ವ್ಯವಸ್ಥೆಗಳೆಲ್ಲ ಒಟ್ಟಿಗೇ ಸತ್ತವು. ಇಂಥ ಸ್ಥಿತಿಗೆ ಕೈಪಿಡಿಯಲ್ಲಿ ಪರಿಹಾರವೇ ಇರಲಿಲ್ಲ. ಕ್ಯಾಪ್ಟನ್ ಆಲ್ ಹೇನ್ಸ್ ತಮಗೆ ಎಲ್ಲ ಗೊತ್ತು ಎಂದು ಕೂರಲಿಲ್ಲ. ಪ್ರಯಾಣಿಕರ ನಡುವೆ ತರಬೇತುದಾರ ಪೈಲಟ್ ಡೆನಿಸ್ ಫಿಚ್ ಇದ್ದಾರೆಂದು ತಿಳಿದಾಗ ಅವರನ್ನು ಕಾಕ್‌ಪಿಟ್‌ಗೆ ಕರೆಸಿಕೊಂಡರು. ಉಳಿದ ಎರಡು ಎಂಜಿನ್‌ಗಳ ವೇಗವನ್ನು ಹೆಚ್ಚು ಕಡಿಮೆ ಮಾಡುತ್ತಲೇ ನಾಲ್ವರೂ ಸೇರಿ ವಿಮಾನವನ್ನು ಸೂ ಸಿಟಿಯ ರನ್‌ವೇವರೆಗೆ ತಂದರು. ಇಳಿಯುವಾಗ ವಿಮಾನ ಒಡೆದು 112 ಮಂದಿ ಸತ್ತರು, 184 ಮಂದಿ ಬದುಕಿದರು. ಆ ತರಬೇತಿ ಇಲ್ಲದಿದ್ದರೆ ಅಷ್ಟು ದೂರ ಬರಲು ಆಗುತ್ತಿರಲಿಲ್ಲ ಎಂದು ಹೇನ್ಸ್ ಮುಂದೆ ಅನೇಕ ಕಡೆ ಹೇಳಿದರು.

ಇದರ ವಿರುದ್ಧದ ಉದಾಹರಣೆ ನಮ್ಮ ಮಂಗಳೂರಿನದೇ. 2010ರ ಮೇ 22ರ ಬೆಳಗ್ಗೆ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆಯ ಗುಡ್ಡದ ಮೇಲಿನ ರನ್‌ವೇ ದಾಟಿ ಕಮರಿಗೆ ಬಿತ್ತು. 166 ಜನರಲ್ಲಿ 158 ಮಂದಿ ಸತ್ತರು. ಗಲ್ಫ್‌ನಿಂದ ಮರಳುತ್ತಿದ್ದ ಕರಾವಳಿಯ ಎಷ್ಟೋ ಕುಟುಂಬಗಳಿಗೆ ಅದು ಇಂದಿಗೂ ಆರದ ಗಾಯ. ಏರ್ ಮಾರ್ಷಲ್ ಬಿ.ಎನ್. ಗೋಖಲೆ ನೇತೃತ್ವದ ವಿಚಾರಣಾ ನ್ಯಾಯಾಲಯ ಕಂಡುಕೊಂಡದ್ದು ಇದು: ಕ್ಯಾಪ್ಟನ್ ಹಾರಾಟದ ಬಹುಪಾಲು ನಿದ್ರೆಯಲ್ಲಿದ್ದರು, ಎದ್ದ ಮೇಲೂ ಮಂಪರು ಹರಿದಿರಲಿಲ್ಲ. ವಿಮಾನ ಇರಬೇಕಾದ್ದಕ್ಕಿಂತ ಎತ್ತರದಲ್ಲಿತ್ತು. ಇಳಿಸುವುದನ್ನು ಬಿಟ್ಟು ಮತ್ತೆ ಮೇಲೇರಿ ಎಂದು ಸಹ ಪೈಲಟ್ ಮೂರು ಸಲ ಹೇಳಿದರು. ಯಂತ್ರವೂ ಎಚ್ಚರಿಸಿತು. ಕ್ಯಾಪ್ಟನ್ ಇಳಿಸಿಯೇಬಿಟ್ಟರು.

ಇಲ್ಲಿ ಕಿರಿಯರು ಸುಮ್ಮನಿರಲಿಲ್ಲ. ಟೆನೆರಿಫ್‌ನಂತೆ ಒಂದು ಸಲ ಕೇಳಿ ಬಿಡಲೂ ಇಲ್ಲ. ಆದರೆ ಮೂರನೆಯ ಸಲಕ್ಕೂ ಕೇಳದಿದ್ದರೆ ನಿಯಂತ್ರಣವನ್ನು ತಾನೇ ತೆಗೆದುಕೊಳ್ಳಬಹುದೇ ಎಂಬ ಬಗ್ಗೆ ಆಗಿನ ಸೂಚನೆಗಳು ಸ್ಪಷ್ಟವಾಗಿರಲಿಲ್ಲ ಎಂಬುದನ್ನು ವರದಿ ಗುರುತಿಸಿತು. ನನ್ನ ಮಟ್ಟಿಗೆ ಇದು ಈ ಇಡೀ ವಿಷಯದ ತಿರುಳು. ಬಾಯಿ ಬಿಡಲು ಕಲಿಸುವುದು ಅರ್ಧ ಕೆಲಸ. ಬಾಯಿ ಬಿಟ್ಟವರಿಗೆ ಅಧಿಕಾರವನ್ನೂ, ಕೇಳಬೇಕಾದವರಿಗೆ ಕಡ್ಡಾಯವನ್ನೂ ಬರೆದು ಕೊಡುವುದು ಉಳಿದರ್ಧ. ನಾಗರಿಕ ವಿಮಾನಯಾನ ನಿರ್ದೇಶನಾಲಯದ ನಿಯಮದ ಪ್ರಕಾರ ನಮ್ಮ ದೇಶದಲ್ಲಿ ಪೈಲಟ್‌ಗಳಿಗೂ ಕ್ಯಾಬಿನ್ ಸಿಬ್ಬಂದಿಗೂ ಈ ತರಬೇತಿ ಕಡ್ಡಾಯ.

ಆಸ್ಪತ್ರೆಗಳಿಗೆ ಬಂದದ್ದು

ವೈದ್ಯರಲ್ಲಿ ಇದನ್ನು ಮೊದಲು ಕೈಗೆತ್ತಿಕೊಂಡವರು ಅರಿವಳಿಕೆ ತಜ್ಞರು. ಅವರ ಕೆಲಸ ಪೈಲಟ್‌ಗಳದಂತೆಯೇ: ಬಹುಹೊತ್ತು ಶಾಂತ, ಆಮೇಲೆ ಇದ್ದಕ್ಕಿದ್ದಂತೆ ಗಂಡಾಂತರ. ಸ್ಟ್ಯಾನ್‌ಫರ್ಡ್‌ನ ಡೇವಿಡ್ ಗಾಬಾ ಮತ್ತು ಸಂಗಡಿಗರು 1990ರ ಸುಮಾರಿಗೆ ಸಿಮ್ಯುಲೇಟರ್ ಬಳಸಿ ಇಂಥ ತರಬೇತಿ ರೂಪಿಸಿದರು. 2006ರಲ್ಲಿ ಅಮೆರಿಕದ ಆರೋಗ್ಯ ಸಂಶೋಧನಾ ಇಲಾಖೆ ಮತ್ತು ಸೇನೆ ಸೇರಿ ಟೀಮ್‌ಸ್ಟೆಪ್ಸ್ ಎಂಬ ಪಠ್ಯಕ್ರಮ ಹೊರತಂದವು. ಮೇಲೆ ಹೇಳಿದ ಮೂರು ಮೆಟ್ಟಿಲಿನ ಮಾತು ಅದರಲ್ಲಿನದೇ.

ಅದೇ ಹೊತ್ತಿಗೆ ಮಿಷಿಗನ್ ರಾಜ್ಯದ ನೂರಕ್ಕೂ ಹೆಚ್ಚು ಐಸಿಯುಗಳಲ್ಲಿ ಒಂದು ಪ್ರಯೋಗ ನಡೆದಿತ್ತು. ದೊಡ್ಡ ರಕ್ತನಾಳಕ್ಕೆ ನಳಿಕೆ ಹಾಕುವಾಗ ಕೈ ತೊಳೆಯುವುದು, ಚರ್ಮ ಶುಚಿಗೊಳಿಸುವುದು ಮುಂತಾದ ಐದು ಸರಳ ಕ್ರಮಗಳ ಪಟ್ಟಿ. ಹೊಸತೇನೂ ಇಲ್ಲ. ಆದರೆ ವೈದ್ಯರು ಒಂದು ಕ್ರಮ ಬಿಟ್ಟರೂ ತಡೆದು ನಿಲ್ಲಿಸುವ ಅಧಿಕಾರವನ್ನು ಆಸ್ಪತ್ರೆಯೇ ನರ್ಸ್‌ಗೆ ಕೊಟ್ಟಿತ್ತು. ನಳಿಕೆಯಿಂದ ಬರುವ ರಕ್ತದ ಸೋಂಕು ಗಣನೀಯವಾಗಿ ಇಳಿಯಿತು.

2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶಸ್ತ್ರಚಿಕಿತ್ಸೆಗೆ 19 ಅಂಶಗಳ ಚೆಕ್‌ಲಿಸ್ಟ್ ಕೊಟ್ಟಿತು. ಅರಿವಳಿಕೆಗೆ ಮುಂಚೆ ಒಮ್ಮೆ, ಚರ್ಮ ಕೊಯ್ಯುವ ಮುಂಚೆ ಒಮ್ಮೆ, ರೋಗಿ ಥಿಯೇಟರ್ ಬಿಡುವ ಮುಂಚೆ ಒಮ್ಮೆ ಎಲ್ಲರೂ ನಿಂತು ಗಟ್ಟಿಯಾಗಿ ಓದಿ ಖಚಿತಪಡಿಸಿಕೊಳ್ಳಬೇಕು. ಅದರಲ್ಲೊಂದು ಅಂಶ ಓದಲು ತಮಾಷೆಯಾಗಿ ಕಾಣುತ್ತದೆ: ಕೋಣೆಯಲ್ಲಿರುವ ಎಲ್ಲರೂ ತಮ್ಮ ಹೆಸರು ಮತ್ತು ಕೆಲಸ ಹೇಳಬೇಕು. ಒಮ್ಮೆ ಬಾಯಿ ಬಿಟ್ಟು ಹೆಸರು ಹೇಳಿದವರು ಆಮೇಲೆ ತೊಂದರೆ ಕಂಡಾಗ ಬಾಯಿ ಬಿಡುವುದು ಸುಲಭವಾಗುತ್ತದೆ ಎಂಬುದು ಅದರ ಹಿಂದಿನ ತರ್ಕ. ದೆಹಲಿಯೂ ಸೇರಿ ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ 7,600ಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಸಾವಿನ ಪ್ರಮಾಣ ಶೇ 1.5ರಿಂದ 0.8ಕ್ಕೆ, ತೊಡಕುಗಳು ಶೇ 11ರಿಂದ 7ಕ್ಕೆ ಇಳಿದಿದ್ದವು.

ಆದರೆ ಕತೆ ಅಷ್ಟು ಸರಳವಲ್ಲ. ಕೆನಡಾದ ಒಂಟಾರಿಯೊ ಪ್ರಾಂತ್ಯದ 101 ಆಸ್ಪತ್ರೆಗಳು ಇದೇ ಚೆಕ್‌ಲಿಸ್ಟ್ ಜಾರಿಗೆ ತಂದ ಮೇಲೆ ಸಾವಿನಲ್ಲಾಗಲೀ ತೊಡಕುಗಳಲ್ಲಾಗಲೀ ಗಮನಾರ್ಹ ಇಳಿಕೆ ಕಾಣಲಿಲ್ಲ ಎಂದು 2014ರ ಅಧ್ಯಯನ ಹೇಳಿತು. ಎರಡೂ ಒಳ್ಳೆಯ ಅಧ್ಯಯನಗಳೇ. ಇವೆರಡರ ನಡುವೆ ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳ ಅನುಭವ ನಿಲ್ಲುತ್ತದೆ. ಅಲ್ಲಿ ಚೆಕ್‌ಲಿಸ್ಟ್ ಜೊತೆಗೆ ಇಡೀ ಥಿಯೇಟರ್ ತಂಡಕ್ಕೆ ಒಟ್ಟಿಗೆ ತರಬೇತಿ ಕೊಟ್ಟು, ಆಪರೇಷನ್‌ಗೆ ಮುಂಚೆ ಮತ್ತು ನಂತರ ಚರ್ಚೆ ನಡೆಸುವುದನ್ನು ರೂಢಿ ಮಾಡಿಸಿದ್ದರು. ತರಬೇತಿ ಪಡೆದ 74 ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಯ ಸಾವು ಶೇ 18ರಷ್ಟು ಇಳಿಯಿತು. ಇನ್ನೂ ಪಡೆಯದ 34ರಲ್ಲಿ ಶೇ 7ರಷ್ಟು. ಇದು 2010ರಲ್ಲಿ ಪ್ರಕಟವಾದ ಲೆಕ್ಕ. ಕಾಗದಕ್ಕೆ ಟಿಕ್ ಹಾಕುವುದು ಬೇರೆ, ನಿಂತು ಒಬ್ಬರ ಮಾತು ಒಬ್ಬರು ಕೇಳುವುದು ಬೇರೆ ಎಂದು ನಾನು ಇದನ್ನು ಓದಿಕೊಳ್ಳುತ್ತೇನೆ. ಆಪರೇಷನ್ ಮುಗಿದ ಮೇಲೆ ಒಬ್ಬರೇ ಕೂತು ಮೂರೂ ಹಂತಕ್ಕೆ ಟಿಕ್ ಹಾಕಿದ ಫೈಲ್ ಯಾರ ಪ್ರಾಣವನ್ನೂ ಉಳಿಸುವುದಿಲ್ಲ.

ಪಾಳಿ ಬದಲಾಗುವ ಹೊತ್ತು

1988ರ ಜುಲೈ 6ರಂದು ಉತ್ತರ ಸಮುದ್ರದ ಪೈಪರ್ ಆಲ್ಫಾ ತೈಲ ಸ್ಥಾವರದಲ್ಲಿ 167 ಮಂದಿ ಬೆಂಕಿಗೆ ಸಿಕ್ಕಿ ಸತ್ತರು. ದುರಸ್ತಿಗಾಗಿ ಒಂದು ಪಂಪಿನ ಸುರಕ್ಷತಾ ಕವಾಟವನ್ನು ಹಗಲು ಪಾಳಿಯವರು ಬಿಚ್ಚಿದ್ದರು. ಆ ವಿಷಯ ರಾತ್ರಿ ಪಾಳಿಯವರಿಗೆ ತಲುಪಲಿಲ್ಲ. ಅವರು ಆ ಪಂಪನ್ನೇ ಚಾಲೂ ಮಾಡಿದರು.

ಆಸ್ಪತ್ರೆಯಲ್ಲಿ ಇಂಥ ಕೈಬದಲಾವಣೆ ದಿನಕ್ಕೆ ಎರಡು ಮೂರು ಸಲ ನಡೆಯುತ್ತದೆ. ಅದಕ್ಕೆಂದೇ ಅಮೆರಿಕದ ನೌಕಾಪಡೆಯ ಜಲಾಂತರ್ಗಾಮಿಗಳಿಂದ ಒಂದು ಮಾದರಿ ಬಂದಿದೆ: ಈಗ ಏನಾಗಿದೆ, ಹಿನ್ನೆಲೆ ಏನು, ನನಗೆ ಏನನ್ನಿಸುತ್ತದೆ, ನೀವೇನು ಮಾಡಬೇಕು, ಈ ನಾಲ್ಕನ್ನು ಇದೇ ಕ್ರಮದಲ್ಲಿ ಹೇಳುವುದು. ರಾತ್ರಿ ಎರಡು ಗಂಟೆಗೆ ನರ್ಸ್ ಫೋನ್ ಮಾಡಿ ‘ಸರ್, 12ನೇ ಬೆಡ್ ಪೇಷೆಂಟ್ ಸ್ವಲ್ಪ ಡಲ್ ಇದ್ದಾರೆ’ ಎಂದರೆ ನಿದ್ದೆಗಣ್ಣಿನ ವೈದ್ಯರು ‘ಬೆಳಗ್ಗೆ ನೋಡೋಣ’ ಎನ್ನಬಹುದು. ಅದನ್ನೇ ಹೀಗೆ ಹೇಳಿದರೆ: ‘ಸರ್, 12ನೇ ಬೆಡ್. ಬಿಪಿ 80ಕ್ಕೆ 50, ನಾಡಿ 124. ನಿನ್ನೆ ಹೊಟ್ಟೆಯ ಆಪರೇಷನ್ ಆಗಿದೆ. ಒಳಗೆ ರಕ್ತಸ್ರಾವ ಆಗ್ತಿರಬಹುದು ಅನ್ನಿಸ್ತಿದೆ. ನೀವು ಈಗಲೇ ಬರಬೇಕು.’ ಈ ಫೋನ್ ಇಟ್ಟು ಯಾರೂ ಮಲಗಲಾರರು.

ನೀವು ರೋಗಿಯಾದರೆ, ಅಥವಾ ಜೊತೆಗಿರುವವರಾದರೆ

ಮುಂಬೈ, ಚೆನ್ನೈ, ದೆಹಲಿಗಳಲ್ಲಿರುವ ಕನ್ನಡಿಗರಿಗೆ ಇನ್ನೊಂದು ತೊಡಕಿದೆ. ಊರಿನಿಂದ ಬಂದ ಅಪ್ಪ ಅಥವಾ ಅತ್ತೆಗೆ ಕನ್ನಡವಷ್ಟೇ ಗೊತ್ತು, ನರ್ಸ್ ಮಲಯಾಳಂ ಅಥವಾ ಮರಾಠಿಯವರು, ವೈದ್ಯರು ಇಂಗ್ಲಿಷ್ ಬೆರೆಸಿದ ಹಿಂದಿಯಲ್ಲಿ ಹೇಳುತ್ತಾರೆ. ನಡುವೆ ನಿಂತವರು ನೀವು. ಹಾಗಾದರೆ ನೀವೂ ಆ ತಂಡದ ಒಬ್ಬ ಸದಸ್ಯರೇ, ಅದೂ ಪಾಳಿ ಬದಲಾಗದ ಸದಸ್ಯರು.

ಹೇಳಿದ್ದನ್ನು ತಿರುಗಿ ಹೇಳುವ ಅಭ್ಯಾಸ ನಿಮಗೆ ಇಲ್ಲಿ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಇಂಗ್ಲಿಷಿನ ಫಿಫ್ಟೀನ್ ಮತ್ತು ಫಿಫ್ಟಿ ಗದ್ದಲದಲ್ಲಿ ಒಂದೇ ಥರ ಕೇಳಿಸುತ್ತವೆ. ಹಿಂದಿಯ ಉನ್ತೀಸ್, ಉನ್ತಾಲೀಸ್, ಉನ್ಸಠ್‌ಗಳಲ್ಲಿ ಯಾವುದು ಎಷ್ಟು ಎಂದು ಹತ್ತು ವರ್ಷ ದೆಹಲಿಯಲ್ಲಿದ್ದವರೂ ಒಂದು ಕ್ಷಣ ತಡವರಿಸುತ್ತಾರೆ. ಇನ್ಸುಲಿನ್ ಪ್ರಮಾಣದಲ್ಲಿ ಆ ತಡವರಿಕೆ ಅಪಾಯಕಾರಿ. ಪೈಲಟ್‌ಗಳಂತೆ ಅಂಕಿಗಳನ್ನು ಬಿಡಿಸಿ ಹೇಳಿ: ‘ಒನ್ ಫೈವ್, ಹದಿನೈದು ಯೂನಿಟ್, ಊಟಕ್ಕೆ ಮುಂಚೆ, ಸರಿಯೇ?’ ಬರೆಸಿಕೊಂಡರೆ ಇನ್ನೂ ಒಳ್ಳೆಯದು.

ಆಪರೇಷನ್‌ಗೆ ಮುಂಚೆ ಹೆಸರೇನು, ಯಾವ ಆಪರೇಷನ್, ಯಾವ ಕಡೆ ಎಂದು ನಾಲ್ಕೈದು ಮಂದಿ ಬೇರೆ ಬೇರೆಯಾಗಿ ಕೇಳಬಹುದು. ‘ಇವರಿಗೇ ಗೊತ್ತಿಲ್ಲವೇ’ ಎಂದು ಸಿಟ್ಟಾಗಬೇಡಿ; ಕೇಳುತ್ತಿದ್ದಾರೆ ಎಂದರೆ ಆಸ್ಪತ್ರೆ ಕ್ರಮಬದ್ಧವಾಗಿದೆ ಎಂದರ್ಥ. ಬಾಯಿಪಾಠದಂತೆ ಹೂಂ ಎನ್ನದೆ ಪೂರ್ತಿ ವಾಕ್ಯದಲ್ಲಿ ಉತ್ತರಿಸಿ. ಎಡ ಬಲ ಇರುವ ಅಂಗವಾದರೆ ಆ ಜಾಗಕ್ಕೆ ಪೆನ್ನಿನಿಂದ ಗುರುತು ಹಾಕಿದ್ದಾರೆಯೇ ನೋಡಿ. ಅಲರ್ಜಿ, ರಕ್ತ ತೆಳುವಾಗಿಸುವ ಮಾತ್ರೆ, ಹಿಂದೆ ಅರಿವಳಿಕೆ ಕೊಟ್ಟಾಗ ಆದ ತೊಂದರೆ, ಅಲುಗಾಡುವ ಅಥವಾ ಕಟ್ಟಿಸಿದ ಹಲ್ಲು, ಇವನ್ನು ಕೇಳದಿದ್ದರೂ ಹೇಳಿ. ‘ನೀವು ಸುರಕ್ಷತಾ ಚೆಕ್‌ಲಿಸ್ಟ್ ಬಳಸುತ್ತೀರಾ?’ ಎಂದು ಕೇಳುವುದು ಅವಮಾನವಲ್ಲ.

ಆಪರೇಷನ್ ಆದವರನ್ನು ನೋಡಿಕೊಳ್ಳುವಾಗ ‘ಏನೋ ಸರಿಯಿಲ್ಲ’ ಎಂದು ನಿಮಗೆ ಅನ್ನಿಸಿದರೆ ಅದಕ್ಕೆ ಬೆಲೆಯಿದೆ. ಅವರು ದಿನಾ ಹೇಗಿರುತ್ತಾರೆ ಎಂದು ಆ ವಾರ್ಡಿನಲ್ಲಿ ಗೊತ್ತಿರುವುದು ನಿಮಗೊಬ್ಬರಿಗೇ. 2021ರಲ್ಲಿ 13 ವರ್ಷದ ಬಾಲಕಿಯೊಬ್ಬಳು ರಕ್ತಕ್ಕೆ ಹರಡಿದ ಸೋಂಕಿನಿಂದ ತೀರಿಕೊಂಡ ಬಳಿಕ, ತಾಯ್ತಂದೆಯ ಆತಂಕಕ್ಕೆ ಯಾರೂ ಕಿವಿಗೊಡಲಿಲ್ಲ ಎಂಬ ಕಾರಣಕ್ಕೆ ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ‘ಮಾರ್ತಾಸ್ ರೂಲ್’ ಎಂಬ ವ್ಯವಸ್ಥೆ 2024ರಿಂದ ಜಾರಿಗೆ ಬರತೊಡಗಿತು. ರೋಗಿಯ ಸ್ಥಿತಿ ಹದಗೆಡುತ್ತಿದೆ ಎನ್ನಿಸಿದರೆ ಮನೆಯವರು ಬೇರೊಂದು ತಂಡದಿಂದ ತುರ್ತು ತಪಾಸಣೆ ಕೇಳಬಹುದು.

ನೀವು ದಾಖಲಾಗಿರುವ ಆಸ್ಪತ್ರೆಯಲ್ಲಿ ರಾತ್ರಿ ಹೊತ್ತು ಯಾರನ್ನು ಕರೆಯಬೇಕು ಎಂದು ಮೊದಲ ದಿನವೇ ಕೇಳಿ ಬರೆದಿಟ್ಟುಕೊಳ್ಳಿ: ವಾರ್ಡಿನ ನರ್ಸ್, ಡ್ಯೂಟಿ ಡಾಕ್ಟರ್, ಅವರ ಮೇಲಿನವರು. ಹೇಳುವಾಗ ಆ ನಾಲ್ಕು ಮೆಟ್ಟಿಲುಗಳನ್ನೇ ಬಳಸಿ. ‘ಅಮ್ಮ ಮಧ್ಯಾಹ್ನದವರೆಗೆ ಮಾತಾಡ್ತಿದ್ದರು, ಈಗ ಎಬ್ಬಿಸಿದರೂ ಏಳ್ತಿಲ್ಲ. ಮೊನ್ನೆ ಆಪರೇಷನ್ ಆಗಿದೆ, ಸಕ್ಕರೆ ಕಾಯಿಲೆ ಇದೆ. ಶುಗರ್ ಇಳಿದಿರಬಹುದು ಅನ್ನಿಸ್ತಿದೆ. ಈಗಲೇ ಶುಗರ್ ನೋಡಿ, ಡಾಕ್ಟರನ್ನು ಕರೆಯಿರಿ.’ ಭಾಷೆ ಬರದಿದ್ದರೆ ಇದನ್ನೇ ಇಂಗ್ಲಿಷ್‌ನಲ್ಲೋ ಹಿಂದಿಯಲ್ಲೋ ಮೊಬೈಲಿನಲ್ಲಿ ಬರೆದು ತೋರಿಸಿ. ಐದು ನಿಮಿಷದಲ್ಲಿ ಯಾರೂ ಬರದಿದ್ದರೆ ಮತ್ತೆ ಹೋಗಿ ಹೇಳಿ, ಅದಕ್ಕೂ ಬರದಿದ್ದರೆ ಪಟ್ಟಿಯಲ್ಲಿರುವ ಮುಂದಿನವರಿಗೆ ಫೋನ್ ಮಾಡಿ.